ಕಿವಿಯ ದಾರಿ, ಬಾಯಿಯ ದಾರಿ

ಮೂಳೆ ಕಟ್ಟುವವಳು ಕೈ ತೊಳೆಯುವಾಗ ಕಿರುಬೆರಳಿನಿಂದ ಶುರು ಮಾಡುತ್ತಿದ್ದಳು. ಮೊದಲು ಎಡಗೈಯ ಕಿರುಬೆರಳು, ಆಮೇಲೆ ಅದರ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಹತ್ತೂ ಬೆರಳು ಮುಗಿಯುವ ತನಕ ಯಾರು ಮಾತಾಡಿಸಿದರೂ ಮಾತಾಡುತ್ತಿರಲಿಲ್ಲ. ಸೀಗೆಪುಡಿ ಹಾಕಿ ಒಮ್ಮೆ, ಬೂದಿ ಹಾಕಿ ಒಮ್ಮೆ, ಬರೀ ನೀರಿನಲ್ಲಿ ಒಮ್ಮೆ. ಕೊನೆಗೆ ಉಳಿದ ನೀರನ್ನು ಹೊಸ್ತಿಲಿಗೆ ಸುರಿದು, ತೆಂಗಿನ ನಾರಿನಿಂದ ಹೊಸ್ತಿಲನ್ನೂ ಉಜ್ಜುತ್ತಿದ್ದಳು. ಆ ಊರಿನಲ್ಲಿ ಅವಳ ಹೊಸ್ತಿಲಷ್ಟು ಬೆಳ್ಳಗಿನ ಕಲ್ಲು ಇನ್ನೊಂದಿರಲಿಲ್ಲ.

"ನಿನ್ನ ಕೈ ತೊಳೆಯೋಕೆ ಅಂತಲೇ ನನ್ನನ್ನ ಹೆತ್ತಿದ್ದಾರೆ ಕಣಕ್ಕಾ," ಎನ್ನುತ್ತಿದ್ದಳು ನೀರು ಹೊರುವವಳು. ಅವಳು ದಿನಾ ಬೆಳಿಗ್ಗೆ ಎರಡು ಕೊಡ ಇಳಿಸಿ, ಅದೇ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ಊರಿನ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿದ್ದಳು. "ಒಂದು ಕೊಡ ಕುಡಿಯೋಕೆ, ಒಂದು ಕೊಡ ಬೆರಳಿಗೆ. ನಿನ್ನ ಗಂಡ ಆಗೋನು ಬಾವಿ ತೋಡೋನೇ ಆಗಿರಬೇಕು, ನೋಡು."

ಮೂಳೆ ಕಟ್ಟುವವಳು ನಗುತ್ತಿದ್ದಳು, ಆದರೆ ಏನೂ ಹೇಳುತ್ತಿರಲಿಲ್ಲ. ಬೆರಳು ಇನ್ನೂ ಮುಗಿದಿರುತ್ತಿರಲಿಲ್ಲ. ಹತ್ತು ವರ್ಷ ಹೀಗೇ ನಡೆದಿತ್ತು.

ಆ ಊರಿನಲ್ಲಿ ಒಂದು ಕಟ್ಟುಪಾಡು ಇತ್ತು. ಯಾರೂ ಏನನ್ನೂ ತಾವೇ ಹುಡುಕುತ್ತಿರಲಿಲ್ಲ. ಉಪ್ಪು ಬೇಕಾದವರು ಚೌಕಕ್ಕೆ ಹೋಗಿ ಕೇಳುತ್ತಿದ್ದರು. ಹಗ್ಗ ಬೇಕಾದವರು ಚೌಕಕ್ಕೆ ಹೋಗಿ ಕೇಳುತ್ತಿದ್ದರು. ಉಪ್ಪಿನ ಅಂಗಡಿ ತಮ್ಮ ಗೋಡೆಗೆ ಅಂಟಿಕೊಂಡೇ ಇದ್ದರೂ, ಅಂಗಡಿಯವನು ಎದುರಿಗೇ ಕೂತು ಉಪ್ಪು ಅಳೆಯುತ್ತಿದ್ದರೂ, ಅವನಿಗೆ ಕೈ ಎತ್ತಿ ನಮಸ್ಕಾರ ಹೇಳಿ, ಅವನನ್ನು ದಾಟಿ, ಚೌಕಕ್ಕೆ ಹೋಗಿ ಕೇಳುತ್ತಿದ್ದರು.

ಚೌಕದ ನಡುವೆ ಏಳು ಮೆಟ್ಟಿಲಿನ ಕಟ್ಟೆ. ಕಟ್ಟೆಯ ಮೇಲೆ ಹೇಳುವವ. ಅವನು ಯಾವಾಗ ಬಂದು ಕೂತನೆಂದು ಯಾರಿಗೂ ಗೊತ್ತಿರಲಿಲ್ಲ. ಅವನ ಕಣ್ಣಿನ ರೆಪ್ಪೆಗಳು ಜಿಗುಟಿಗೆ ಅಂಟಿಕೊಂಡು ಎಷ್ಟೋ ಕಾಲವಾಗಿತ್ತು. ಕಿವಿಗಳು ಮೊರದಷ್ಟು ಅಗಲ, ಒಳಗೆ ಮೇಣ. ಬಾಯಿ ಯಾವಾಗಲೂ ತೆರೆದಿರುತ್ತಿತ್ತು, ಒಂದು ಹಲ್ಲೂ ಇರಲಿಲ್ಲ. ಕೇಳುವವರು ಚಪ್ಪಲಿ ಬಿಟ್ಟು, ಮೆಟ್ಟಿಲು ಹತ್ತಿ, ಎರಡು ಅಂಗೈಯನ್ನು ಕೊಳವೆ ಮಾಡಿ ಅವನ ಕಿವಿಗೆ ಪ್ರಶ್ನೆ ಹಾಕುತ್ತಿದ್ದರು. ಅವನು ಹತ್ತು ಹೆಸರು ಹೇಳುತ್ತಿದ್ದ. ಮೂರನೆಯ ಹೆಸರಿನ ಆಚೆ ಯಾರೂ ನಿಲ್ಲುತ್ತಿರಲಿಲ್ಲ. ಹೆಚ್ಚಿನವರು ಮೊದಲನೆಯದು ಕಿವಿಗೆ ಬಿದ್ದ ಕೂಡಲೇ ಇಳಿಯುತ್ತಿದ್ದರು. ಉಳಿದ ಹೆಸರುಗಳು ಖಾಲಿ ಮೆಟ್ಟಿಲಿನ ಮೇಲೆ ಒಂದೊಂದಾಗಿ ಉದುರುತ್ತಿದ್ದವು.

ಊರಿನಲ್ಲಿ ಏನಿದೆ ಎಂದು ಹೇಳುವವನಿಗೆ ತಿಳಿಸುವವರು ತೆವಳುವವರು. ಅವರು ದಿನವಿಡೀ ಮೊಣಕಾಲು ಮೊಣಕೈ ಊರಿಕೊಂಡು ಓಣಿ ಓಣಿ ತೆವಳುತ್ತಿದ್ದರು. ಪ್ರತಿ ಮನೆಯ ಹೊಸ್ತಿಲನ್ನು ನೆಕ್ಕುತ್ತಿದ್ದರು. ನೆಕ್ಕಿ, ನಾಲಿಗೆಗೆ ಏನು ಹತ್ತಿತೋ ಅದನ್ನು ಒಯ್ದು ಹೇಳುವವನ ಕಿವಿಗೆ ಗೊಣಗುತ್ತಿದ್ದರು. ಜನ ಅವರನ್ನು ನೋಡಿ ಹೇಸುತ್ತಿರಲಿಲ್ಲ. ಹೊಸ್ತಿಲು ದಾಟುವಾಗ ಒಬ್ಬ ತೆವಳುವವ ಅಡ್ಡ ಬಂದರೆ ಹಸುವಿಗೆ ದಾರಿ ಬಿಟ್ಟ ಹಾಗೆ ಬದಿಗೆ ಸರಿಯುತ್ತಿದ್ದರು. ಮೂಳೆ ಕಟ್ಟುವವಳು ಮಾತ್ರ ಅವರು ಹೋದ ಮೇಲೆ ಮತ್ತೊಂದು ತಂಬಿಗೆ ನೀರು ಸುರಿದು ಕಲ್ಲನ್ನು ಉಜ್ಜುತ್ತಿದ್ದಳು.

ಅವಳ ಹೆಸರು ಹಿಂದೆ ಮೂರನೆಯದಾಗಿ ಬರುತ್ತಿತ್ತು. ಕುಂಟುತ್ತ ಬಂದವರು ನಡೆದುಕೊಂಡು ಹೋಗುತ್ತಿದ್ದರು, ಹೋದವರು ತಮ್ಮ ತಮ್ಮ ಹೊಸ್ತಿಲಲ್ಲಿ ಕೂತು ಅವಳ ಮಾತಾಡುತ್ತಿದ್ದರು, ಅದರ ರುಚಿ ಕಲ್ಲಿಗೆ ಇಳಿಯುತ್ತಿತ್ತು. ಆಮೇಲೆ ಆರನೆಯದಾಯಿತು. ಆಮೇಲೆ ಒಂಬತ್ತನೆಯದು. ಮೊದಲನೇ ಬೀದಿಯಲ್ಲಿ ಒಬ್ಬ ಪಟ್ಟಿ ಸುತ್ತುವವ ಬಂದಿದ್ದ. ಅವನಿಗೆ ಮೂಳೆ ಗೊತ್ತಿರಲಿಲ್ಲ, ಬಟ್ಟೆ ಗೊತ್ತಿತ್ತು. ಕೈ ಮುರಿದರೂ ಕಾಲು ಮುರಿದರೂ ಬಿಳಿ ಬಟ್ಟೆಯನ್ನು ಚೆಂದವಾಗಿ ಸುತ್ತಿ, ತುದಿಗೆ ಒಂದು ಹೂವಿನ ಗಂಟು ಹಾಕಿ ಕಳಿಸುತ್ತಿದ್ದ.

ಒಂದು ಬೆಳಿಗ್ಗೆ ಮೂಳೆ ಕಟ್ಟುವವಳು ಚೌಕದಲ್ಲಿ ಸಾಲಿನಲ್ಲಿ ನಿಂತಿದ್ದಳು. ಅವಳಿಗೆ ಬೂದಿ ಬೇಕಾಗಿತ್ತು. ಬೂದಿ ಮಾರುವವನ ಮನೆ ಅವಳ ಹಿತ್ತಲಿನ ಆಚೆಗೇ ಇತ್ತು. ಆದರೂ ನಿಂತಿದ್ದಳು, ಅವಳೂ ಅದೇ ಊರಿನವಳು.

ನೀರು ಹೊರುವವಳು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಕಟ್ಟೆಯ ಪಕ್ಕ ಹಾದುಹೋಗುತ್ತಿದ್ದಳು. ಹೇಳುವವನ ಗಲ್ಲದಿಂದ ಯಾವಾಗಲೂ ಕಂದು ಬಣ್ಣದ ಪಾಕವೊಂದು ಇಳಿಯುತ್ತಿತ್ತು. ಎದೆಯ ಮೇಲಿಂದ, ತೊಡೆಯ ಮೇಲಿಂದ, ಏಳು ಮೆಟ್ಟಿಲಿನ ಮೇಲಿಂದ ಇಳಿದು, ಚೌಕದ ಕಲ್ಲಿನ ಮೇಲೆ ಹರಡಿ, ನೊಣ ಇರುವೆಗಳ ಕೆಳಗೆ ಮಿರಿಮಿರಿ ಮಿಂಚುತ್ತಿತ್ತು. ಆ ಪಾಕದ ಮೇಲೆ ಅವಳ ಕಾಲು ಜಾರಿತು. ಕೊಡಗಳು ಒಡೆದವು. ಆ ಸದ್ದಿನ ಒಳಗೆ ಇನ್ನೊಂದು ಸದ್ದು ಇತ್ತು. ಅದನ್ನು ಮೂಳೆ ಕಟ್ಟುವವಳೊಬ್ಬಳೇ ಕೇಳಿದಳು. ಮೂಳೆ ಮುರಿದದ್ದು ಮೊಣಕಾಲಿಗಿಂತ ನಾಲ್ಕು ಬೆರಳು ಕೆಳಗೆ, ಎಂದುಕೊಂಡಳು. ಓಡಿಹೋಗಿ ಕೂತಳು.

"ಅಲುಗಾಡಬೇಡ ಕಣೆ. ನಾನಿದ್ದೀನಿ."

"ಅಯ್ಯೋ ಅಕ್ಕಾ, ಸತ್ತೆ! ಕೇಳ್ರಪ್ಪಾ, ಯಾರಾದ್ರೂ ಅವನನ್ನ ಕೇಳ್ರಪ್ಪಾ, ಮುರಿದ ಕಾಲು ಯಾರು ಕಟ್ತಾರೆ ಅಂತ!"

"ನಾನೇ ಕಣೆ. ಇಲ್ಲೇ ಇದ್ದೀನಲ್ಲ."

"ಕೇಳ್ರೋ!"

ಯಾರೋ ಮೆಟ್ಟಿಲು ಹತ್ತಿ ಕೇಳಿದರು. ಹೇಳುವವ ಒಮ್ಮೆ ಬಾಯಿ ಚಪ್ಪರಿಸಿದ. "ಮೊದಲನೇ ಬೀದಿಯ ಪಟ್ಟಿ ಸುತ್ತುವವ," ಎಂದ. ನಾಲ್ಕು ಜನ ಆಗಲೇ ಅವಳನ್ನು ಎತ್ತಿದ್ದರು.

"ಅವನಿಗೆ ಬರೋದಿಲ್ಲ," ಎಂದಳು ಮೂಳೆ ಕಟ್ಟುವವಳು. ಅವಳ ದನಿ ಸಣ್ಣದು. ಗುಂಪಿನಲ್ಲಿ ಎರಡನೇ ಸಲ ಹೇಳಬೇಕಾಯಿತು. "ಅವನಿಗೆ ಮೂಳೆ ಕೂರಿಸೋಕೆ ಬರೋದಿಲ್ಲ."

ಕಾಲು ಹಿಡಿದುಕೊಂಡಿದ್ದವನು ತಿರುಗಿ ನೋಡಿದ. "ಮೊದಲನೇ ಹೆಸರು ಬಂದಾಯ್ತಲ್ಲ, ತಾಯಿ. ನೀವು ಎಷ್ಟನೆಯವರು?"

ಅವರು ಹೊರಟುಹೋದ ಮೇಲೂ ಅವಳು ಅಲ್ಲೇ ನಿಂತು ಉಳಿದ ಹೆಸರುಗಳನ್ನು ಕೇಳಿದಳು. ಎರಡು, ಮೂರು, ಏಳು, ಒಂಬತ್ತು, ಹತ್ತು. ಹತ್ತೂ ಮುಗಿದವು. ಅವಳ ಹೆಸರು ಇರಲಿಲ್ಲ.

ನಲವತ್ತು ದಿನ ಬಿಳಿ ಬಟ್ಟೆ, ತುದಿಗೆ ಹೂವಿನ ಗಂಟು. ನಲವತ್ತೊಂದನೆಯ ದಿನ ಬಟ್ಟೆ ಬಿಚ್ಚಿದರು. ಮೂಳೆ ಕಟ್ಟುವವಳು ನೋಡಲು ಹೋದಾಗ ನೀರು ಹೊರುವವಳು ಗೋಡೆಗೆ ಒರಗಿ ಕೂತಿದ್ದಳು. ಕಾಲು ಅವಳ ಮುಂದೆ ಬೇರೆ ಯಾರದ್ದೋ ವಸ್ತುವಿನ ಹಾಗೆ ಬಿದ್ದಿತ್ತು. ಪಾದ ಒಳಕ್ಕೆ ತಿರುಗಿತ್ತು. ಮೊಣಕಾಲಿನ ಕೆಳಗೆ, ಬಿದಿರಿನ ಗೆಣ್ಣಿನ ಹಾಗೆ, ಒಂದು ಗಂಟು.

"ಸೊಟ್ಟ ಕಾಲಿನ ಸುಂದರಿ," ಎಂದಳು ನೀರು ಹೊರುವವಳು. "ಹೇಗಿದೀನಿ?"

ಮೂಳೆ ಕಟ್ಟುವವಳು ಗಂಟಿನ ಮೇಲೆ ಹೆಬ್ಬೆರಳು ಇಟ್ಟಳು. ಒಳಗೆ ಇನ್ನೂ ಹಸಿ ಇತ್ತು. "ಇದನ್ನ ಬಿಡಿಸಿ ಮತ್ತೆ ಕೂರಿಸಬಹುದು. ಇನ್ನು ಇಪ್ಪತ್ತು ದಿನ ಇದೆ. ಆಮೇಲೆ ಕಲ್ಲಾಗುತ್ತೆ, ಯಾರೂ ಏನೂ ಮಾಡೋಕಾಗಲ್ಲ. ನೀನು ಕೊಡ ಹೊರೋದಿರಲಿ, ಕೊಡದ ಪಕ್ಕ ಕೂರೋಕೂ ಕಷ್ಟ. ಇವತ್ತೇ ಬಾ."

ನೀರು ಹೊರುವವಳು ಕಾಲನ್ನು ಮೆಲ್ಲಗೆ ಎಳೆದುಕೊಂಡಳು.

"ನೀನು ಹೇಳ್ತಿದೀಯ ಅಕ್ಕಾ. ಅವನು ಹೇಳಲಿಲ್ಲವಲ್ಲ."

"ಹತ್ತು ವರ್ಷದಿಂದ ನನ್ನ ಹೊಸ್ತಿಲ ಮೇಲೆ ಕೂತಿದೀಯಲ್ಲೇ. ಎಷ್ಟು ಜನ ನಡೆದುಕೊಂಡು ಹೋಗಿದ್ದು ನೋಡಿದೀಯ? ನಿನಗೆ ನಾನು ಯಾರು ಹಾಗಾದ್ರೆ?"

"ನೀನು ನನ್ನ ಅಕ್ಕ. ಆದ್ರೆ ಕಾಲು ನನ್ನದಲ್ವಾ?" ಅವಳು ತಲೆ ತಗ್ಗಿಸಿದಳು. "ಒಳ್ಳೆಯವರು ತಾವಾಗಿ ಬಾ ಬಾ ಅಂತ ಕರೀತಾರಾ ಹೇಳು? ಒಳ್ಳೆಯವರನ್ನ ಅವನು ಹೇಳ್ತಾನೆ. ಕೋಲು ಹಿಡಿದು ಚೌಕದ ತನಕ ನಡೆಯೋಕೆ ಬಂದ ದಿನ ನಾನೇ ಹೋಗಿ ಕೇಳ್ತೀನಿ. ನಿನ್ನ ಹೆಸರು ಬಂದರೆ, ಆಣೆಯಾಗಿ, ಓಡಿ ಬರ್ತೀನಿ. ಕುಂಟುತ್ತ ಓಡಿ ಬರ್ತೀನಿ."

ಮೂಳೆ ಕಟ್ಟುವವಳು ಮನೆಗೆ ಬಂದು ಕೈ ತೊಳೆಯಲಿಲ್ಲ. ನೇರ ಚೌಕಕ್ಕೆ ಹೋದಳು.

ಕಟ್ಟೆಯ ಎಡಕ್ಕೆ ಕಿವಿ ಬಲ್ಲವನ ಜಗಲಿ, ಬಲಕ್ಕೆ ಉಂಡೆಯವಳ ಜಗಲಿ. ಹೇಳುವವನ ಬಾಯಲ್ಲಿ ಹೆಸರು ಬರಬೇಕಾದವರು ಇಬ್ಬರಲ್ಲಿ ಒಬ್ಬರ ಹತ್ತಿರ ಹೋಗಬೇಕಿತ್ತು. ಅವಳು ಮೊದಲು ಎಡಕ್ಕೆ ಹೋದಳು. ಕಿವಿ ಬಲ್ಲವ ತೆಳ್ಳಗಿನ ಮನುಷ್ಯ, ಬಿಳಿ ಅಂಗಿ, ಮೆತ್ತನೆಯ ಮಾತು. ಅವನ ಮುಂದೆ ಒಂದು ಬೆಳ್ಳಿಯ ಡಬ್ಬಿ ಇತ್ತು. ಡಬ್ಬಿಯೊಳಗೆ ಹೇಳುವವನ ಕಿವಿಯ ಮೇಣ. ಗಳಿಗೆಗೊಮ್ಮೆ ಮುಚ್ಚಳ ತೆಗೆದು ಮೂಸುತ್ತಿದ್ದ.

"ನಿಮ್ಮ ಓಣಿಗೆ ಹೋದ ತೆವಳುವವ ಬಂದು ಹೇಳಿದ ತಾಯಿ," ಎಂದ. "ನಿಮ್ಮ ಹೊಸ್ತಿಲಿಗೆ ರುಚಿಯೇ ಇಲ್ಲವಂತೆ. ತೊಳೀತೀರಂತೆ?"

"ಹೌದು."

"ತೊಳೆಯಬಾರದು." ಅವನು ನೊಂದುಕೊಂಡ ಹಾಗೆ ಕಣ್ಣು ಮುಚ್ಚಿದ. "ಅಕ್ಕಿಹಿಟ್ಟಿನಲ್ಲಿ ಬೆಲ್ಲ ಕಲಸಿ ಹೊಸ್ತಿಲ ಮೇಲೆ ಬರೀಬೇಕು. ಮುರಿದ ಮೂಳೆ, ಮೂಳೆ ಮುರಿತ, ಮೂಳೆ ಕಟ್ಟುವ ಮನೆ. ಮೂಳೆ ಅನ್ನೋ ಮಾತು ಏಳು ಸಲ ಬರಬೇಕು. ಎಂಟಾದರೆ ತೆವಳುವವರಿಗೆ ವಾಕರಿಕೆ. ಆಮೇಲೆ ಬೇರೆ ಮನೆಗಳ ಹೊಸ್ತಿಲ ಮೇಲೂ ನಿಮ್ಮ ಹೆಸರು ಇರಬೇಕು. ಅಕ್ಕಸಾಲಿಗ, ಎಣ್ಣೆಯವ, ಯಾರಾದರೂ ಸರಿ. ಹೆಣ ಸುಡುವವನದ್ದೂ ಆಗಬಹುದು... ಬೇಡ, ನಿಮ್ಮ ಕಸುಬಿಗೆ ಅದು ಬೇಡ."

"ಇಷ್ಟು ಮಾಡಿದರೆ ಹೆಸರು ಬರುತ್ತಾ?"

"ಬಂದರೆ ನಿಲ್ಲುತ್ತೆ. ಅದು ನೋಡಿ ಕಿವಿಯ ದಾರಿ. ನೀವು ಏನೂ ತಿನ್ನಿಸದೆ, ಅವನೇ ತಾನಾಗಿ, ತನ್ನ ಮನಸ್ಸಿನಿಂದ ಹೇಳಿದ ಹಾಗೆ ಹೇಳ್ತಾನೆ. ನೀವು ಮಲಗಿದ್ದರೂ ಹೇಳ್ತಾನೆ."

"ಯಾವಾಗ ಬರುತ್ತೆ?"

ಅವನು ಡಬ್ಬಿ ಮೂಸಿದ. "ಆರು ತಿಂಗಳು. ಅವನ ಕಿವಿ ಈ ವಾರ ಸ್ವಲ್ಪ ಬದಲಾಗಿದೆ. ಎಂಟು ಅಂತಿಟ್ಟುಕೊಳ್ಳಿ."

"ನನಗೆ ಇಪ್ಪತ್ತೇ ದಿನ ಇರೋದು."

ಎದುರಿನ ಜಗಲಿಯಿಂದ ದೊಡ್ಡದೊಂದು ನಗು ಬಂತು. "ಈಚೆ ಬಾರೇ ಮಗಳೇ," ಎಂದು ಉಂಡೆಯವಳು ಕೂಗಿದಳು. "ಅವನ ಹತ್ತಿರ ಕೂತರೆ ನಿನ್ನ ಮೊಮ್ಮಕ್ಕಳ ಹೆಸರು ಬರುತ್ತೆ, ನಿನ್ನದಲ್ಲ."

"ಅವಳ ಹತ್ತಿರ ಹೋದರೆ ಬೆಳಿಗ್ಗೆ ಬಂದ ಹೆಸರು ಮಧ್ಯಾಹ್ನ ಇರೋದಿಲ್ಲ, ತಾಯಿ," ಎಂದ ಕಿವಿ ಬಲ್ಲವ, ದನಿ ಏರಿಸದೆ.

"ಮೇಣ ಮೂಸೋನೇ, ಸುಮ್ಮನಿರೋ!"

ಉಂಡೆಯವಳ ಕೆನ್ನೆಗಳು ಎರಡು ಚೀಲದ ಹಾಗೆ ಜೋತುಬಿದ್ದಿದ್ದವು. ಹರೆಯದಲ್ಲಿ ಅವಳೂ ಬೆಲ್ಲ ಅಗಿಯುತ್ತಿದ್ದವಳು. ಅವಳು ಸುತ್ತಿ ಬಳಸಿ ಹೇಳಲಿಲ್ಲ. "ಅವನಿಗೆ ಹಲ್ಲಿಲ್ಲ. ಬೆಲ್ಲ ಅಂದ್ರೆ ಪ್ರಾಣ. ನೀನು ಬೆಲ್ಲ ಅಗಿದು, ಮೆತ್ತಗೆ ಮಾಡಿ, ಉಂಡೆ ಕಟ್ಟಿ ಅವನ ನಾಲಿಗೆ ಮೇಲೆ ಇಡಬೇಕು. ಇಡುವಾಗ ಯಾವ ಪ್ರಶ್ನೆಗೆ ಅಂತ ಕಿವಿಯಲ್ಲಿ ಹೇಳಬೇಕು. ಉಂಡೆ ಕರಗೋ ತನಕ ಆ ಪ್ರಶ್ನೆಗೆ ನಿನ್ನ ಹೆಸರೇ ಮೊದಲು. ಕರಗಿತೋ, ನೀನು ಯಾರೋ ಅವನು ಯಾರೋ. ಇಬ್ಬರು ಒಂದೇ ಪ್ರಶ್ನೆಗೆ ಇಟ್ಟರೆ, ದೊಡ್ಡ ಉಂಡೆಯವರು ಮೊದಲು. ಇಷ್ಟೇ ವಿದ್ಯೆ. ಬಾಯಿಯ ದಾರಿ."

"ಜನರಿಗೆ ಗೊತ್ತಾಗೋದಿಲ್ಲವಾ, ತಿನ್ನಿಸಿ ಹೇಳಿಸಿದ್ದು ಅಂತ?"

"ಉಂಡೆ ಇದ್ದರೆ ಹೆಸರಿನ ಮುಂಚೆ ಒಂದು ಸಲ ಬಾಯಿ ಚಪ್ಪರಿಸ್ತಾನೆ. ಅಷ್ಟೇ ಗುರುತು. ಯಾರು ಗಮನಿಸ್ತಾರೆ? ನೀನು ಗಮನಿಸಿದ್ದೆಯಾ?"

ಅವಳು ಗಮನಿಸಿದ್ದಳು. ಏನೆಂದು ಮಾತ್ರ ತಿಳಿದಿರಲಿಲ್ಲ.

"ಪಟ್ಟಿ ಸುತ್ತುವವ ಯಾವ ದಾರಿ?"

"ಶಕ್ತಿ ಇದ್ದವರು ಒಂದೇ ದಾರಿಯಲ್ಲಿ ಹೋಗ್ತಾರೇನೇ?" ಉಂಡೆಯವಳು ಎದುರಿನ ಜಗಲಿಯ ಕಡೆ ಗಲ್ಲ ತೋರಿಸಿದಳು. "ಬೆಳಿಗ್ಗೆ ಇಲ್ಲಿ ಬರ್ತಾನೆ, ಸಂಜೆ ಅಲ್ಲಿ ಹೋಗ್ತಾನೆ. ಅವನ ಮನೆಯಲ್ಲಿ ಇಪ್ಪತ್ತು ಜನ ಬೆಂಚಿನ ಮೇಲೆ ಕೂತು ಬೆಲ್ಲ ಅಗೀತಾರೆ. ಬಾಡಿಗೆ ದವಡೆಗಳು. ನಿನಗಿರೋದು ಒಂದೇ ದವಡೆ, ನೋಡಿಕೋ."

ಮೂಳೆ ಕಟ್ಟುವವಳು ಅಂದೇ ಬೆಲ್ಲ ತಂದಳು. ಬಾಗಿಲು ಹಾಕಿಕೊಂಡು ಒಂದು ತುಂಡನ್ನು ಬಾಯಿಗಿಟ್ಟಳು. ಸಣ್ಣವಳಿದ್ದಾಗ ಬೆಲ್ಲ ಅಂದರೆ ಇಷ್ಟ. ಹತ್ತನೆಯ ತುಂಡಿಗೆ ಕಿವಿಯ ಬುಡದಲ್ಲಿ ದವಡೆಯ ಕೀಲು ಕಟಕಟ ಎನ್ನತೊಡಗಿತು. ಆ ಕೀಲಿನ ಹೆಸರು ಅವಳಿಗೆ ಗೊತ್ತಿತ್ತು, ಅದಕ್ಕೆ ಹಚ್ಚುವ ಎಣ್ಣೆ ಗೊತ್ತಿತ್ತು, ಆದರೆ ಅಗಿಯುವುದನ್ನು ನಿಲ್ಲಿಸುವಂತಿರಲಿಲ್ಲ. ನುಂಗುವಂತಿರಲಿಲ್ಲ. ಅಗಿದದ್ದನ್ನು ಎಲೆಯ ಮೇಲೆ ಉಗಿದು, ಉಗಿದದ್ದನ್ನು ಅಂಗೈಯಲ್ಲಿ ತಿರುವಿ ಉಂಡೆ ಮಾಡಿದಳು. ಅದು ಬೆಚ್ಚಗಿತ್ತು.

ಮಾರನೆಯ ಬೆಳಿಗ್ಗೆ ಏಳು ಮೆಟ್ಟಿಲು ಹತ್ತಿದಳು. ಹತ್ತಿರದಿಂದ ಆ ಬಾಯಿ ನೋಡಿದಳು. ಒಸಡಿನ ಮೇಲೆ ಇರುವೆಗಳು ಸಾಲು ಕಟ್ಟಿದ್ದವು. ಮೂಲೆಯಲ್ಲಿ ನಿನ್ನೆಯ ಯಾರದೋ ಉಂಡೆ ಇನ್ನೂ ಕರಗುತ್ತಿತ್ತು. ಯಾರದೋ ಬಾಯಿಯ ವಾಸನೆ, ಊರಿನ ಎಲ್ಲರ ಬಾಯಿಯ ವಾಸನೆ. ಅವಳು ಉಸಿರು ಹಿಡಿದು, ಹತ್ತು ಬೆರಳಿನಲ್ಲಿ ಮೂರನ್ನು ಮಾತ್ರ ಬಳಸಿ, ಉಂಡೆಯನ್ನು ಒಳಗಿಟ್ಟಳು. ನಾಲಿಗೆ ಉಂಡೆಯನ್ನು ತೆಗೆದುಕೊಂಡ ಮೇಲೆ ಬೆರಳನ್ನೂ ಹುಡುಕಿತು. ಹುಡುಕಿ, ಒಂದೊಂದನ್ನೇ, ನಿಧಾನವಾಗಿ, ನೆಕ್ಕಿತು.

ಕಿವಿಯಲ್ಲಿ "ಮೂಳೆ" ಎಂದಷ್ಟೇ ಹೇಳಿ ಇಳಿದಳು.

ಮಧ್ಯಾಹ್ನದೊಳಗೆ ಅವಳ ಬಾಗಿಲಿಗೆ ಮೂರು ಜನ ಬಂದರು. ಒಬ್ಬನಿಗೆ ಸಾರಿಗೆ ಮೂಳೆ ಬೇಕಿತ್ತು. ಒಬ್ಬಳಿಗೆ ನಾಯಿಗೆ ಬೇಕಿತ್ತು. ಮೂರನೆಯವ ಬಾಚಣಿಗೆ ಮಾಡುವವ; ದೊಡ್ಡ ಮೂಳೆ ಇದ್ದರೆ ಕೊಡಿ, ಎಂದ. ನೀರು ಹೊರುವವಳ ಮನೆಯ ಬಾಗಿಲು ಹಾಕಿಯೇ ಇತ್ತು.

"ಪೆದ್ದೇ," ಎಂದಳು ಉಂಡೆಯವಳು, ಮಾರನೆಯ ದಿನ. "ಬರೀ ಮೂಳೆ ಅಂದರೆ ಊರೆಲ್ಲ ಬರುತ್ತೆ. ಮುರಿದ ಮೂಳೆ ಅಂದರೆ ಆ ಇಪ್ಪತ್ತು ದವಡೆಗಳ ಎದುರು ನಿನ್ನ ಉಂಡೆ ಕಾಣೋದೂ ಇಲ್ಲ. ನಿನಗೆ ಬೇಕಾದವರು ಯಾವ ಮಾತಿನಲ್ಲಿ ಕೇಳ್ತಾರೋ, ಸರಿಯಾಗಿ ಅದೇ ಮಾತಿಗೆ ಇಡು. ಬೇರೆ ಯಾರೂ ಇಡದ ಮಾತಿಗೆ ಇಡು. ಸಣ್ಣ ಉಂಡೆ ಸಾಕು."

ಮೂಳೆ ಕಟ್ಟುವವಳು ಅಲ್ಲೇ ಕೂತು ಯೋಚಿಸಿದಳು. ಹತ್ತು ವರ್ಷ ಕೇಳಿದ್ದ ದನಿ. ಅದು ಹೇಗೆ ಕೇಳುತ್ತದೆಂದು ಅವಳಿಗೆ ಗೊತ್ತಿರದೆ ಯಾರಿಗೆ ಗೊತ್ತಿರಬೇಕು? ಮುರಿದ ಅನ್ನುವುದಿಲ್ಲ ಅವಳು, ಮುರಿದದ್ದು ಆಯಿತು. ಸೊಟ್ಟ ಅನ್ನುತ್ತಾಳೆ. ನೆಟ್ಟಗೆ ಅನ್ನುತ್ತಾಳೆ.

ಅಂದಿನಿಂದ ದಿನಕ್ಕೆ ಮೂರು ಉಂಡೆ. ಮುಂಜಾನೆ, ಮಧ್ಯಾಹ್ನ, ಸಂಜೆ. ಮೂರು ಸಲ ಏಳು ಮೆಟ್ಟಿಲು, ಮೂರು ಸಲ ಆ ನಾಲಿಗೆ. ಪ್ರತಿ ಸಲ ಕಿವಿಗೆ ಅದೇ ಮಾತು: ಸೊಟ್ಟ ಕಾಲು ನೆಟ್ಟಗೆ ಮಾಡೋರು ಯಾರು. ಇಟ್ಟು ಇಳಿದು ಬಂದು, ಬೇಡವೆನಿಸಿದರೂ, ಇನ್ನೊಂದು ತುಂಡು ಬಾಯಿಗೆ. ನಿಜವಾಗಿ ಕೈ ಮುರಿದುಕೊಂಡ ಒಬ್ಬ ಮುದುಕ ದಾರಿ ತಪ್ಪಿ ಅವಳ ಬಾಗಿಲಿಗೆ ಬಂದಾಗ ಅವಳು ಬೆಲ್ಲ ತುಂಬಿದ ಬಾಯಿಂದ ಏನೋ ಹೇಳಿದಳು, ಅವನಿಗೆ ಅರ್ಥವಾಗಲಿಲ್ಲ. ಮುಟ್ಟಲು ಹೋದಳು. ಅವಳ ಬೆರಳು ಅವನ ಚರ್ಮಕ್ಕೆ ಅಂಟಿಕೊಂಡಿತು. ಅವನು ಕೈ ಕಿತ್ತುಕೊಂಡು ಹೋದ. ಹೊಸ್ತಿಲ ಮೇಲೆ ಉಗುಳು ಚೆಲ್ಲಿ, ಇರುವೆ ಬಂದು, ಮೊದಲ ಬಾರಿಗೆ ಒಬ್ಬ ತೆವಳುವವ ಅಲ್ಲಿ ಬಹಳ ಹೊತ್ತು ತಂಗಿದ. ಅವನು ತಲೆಯೆತ್ತಿ ಅವಳನ್ನು ನೋಡಿ ನಕ್ಕ. ಅವಳಿಗೆ ಆ ನಗುವಿನಷ್ಟು ಹೇಸಿಗೆ ಬೇರೆ ಯಾವುದರಿಂದಲೂ ಆಗಲಿಲ್ಲ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ನೀರು ಹೊರುವವಳು ಚೌಕಕ್ಕೆ ಬಂದಳು. ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದಳು. ಮೂಳೆ ಕಟ್ಟುವವಳು ಮಧ್ಯಾಹ್ನದ ಉಂಡೆಗೆಂದು ಅಗಿಯುತ್ತ ಗುಂಪಿನಲ್ಲಿ ನಿಂತಿದ್ದಳು. ಅಗಿಯುವುದು ನಿಂತಿತು. ಬೆಳಗಿನ ಉಂಡೆ ಇನ್ನೂ ಕರಗಿರಲಿಲ್ಲ. ಹೇಳುವವನ ಕೆನ್ನೆಯಲ್ಲಿ ಉಬ್ಬು ಕಾಣುತ್ತಿತ್ತು.

ನೀರು ಹೊರುವವಳು ಏಳು ಮೆಟ್ಟಿಲನ್ನು ಕೂತು ಕೂತು ಹತ್ತಿದಳು. ಅಂಗೈಯನ್ನು ಕೊಳವೆ ಮಾಡಿದಳು. ನೋವಿಗೆ ಅವಳ ದನಿ ಗಟ್ಟಿಯಾಗಿತ್ತು, ಕೆಳಗಿದ್ದವರಿಗೂ ಕೇಳಿಸಿತು.

"ಸೊಟ್ಟ ಕಾಲು ನೆಟ್ಟಗೆ ಮಾಡೋರು ಯಾರು?"

ಒಂದು ಮಾತೂ ಆಚೀಚೆ ಆಗಿರಲಿಲ್ಲ.

ಹೇಳುವವ ಬಾಯಿ ಚಪ್ಪರಿಸಿದ. "ಏಳನೇ ಓಣಿಯ ಮೂಳೆ ಕಟ್ಟುವವಳು."

ಮೂಳೆ ಕಟ್ಟುವವಳು ಒಂದು ಹೆಜ್ಜೆ ಮುಂದೆ ಇಟ್ಟಳು.

ನೀರು ಹೊರುವವಳು ಇಳಿಯಲಿಲ್ಲ. "ಅದಲ್ಲ," ಎಂದಳು. "ಚಪ್ಪರಿಸಿದೆಯಲ್ಲ ಈಗ? ಚಪ್ಪರಿಸದೇ ಇರೋ ಹೆಸರು ಹೇಳು." ಆಮೇಲೆ ಕೆಳಗಿದ್ದ ಜನರ ಕಡೆ ತಿರುಗಿದಳು. "ಅವತ್ತೂ ಚಪ್ಪರಿಸಿದ್ದ. ಕಾಲು ಮುರಿದು ಬಿದ್ದಿರೋಳು ನಾನು, ಅದನ್ನೆಲ್ಲ ಎಲ್ಲಿ ನೋಡಲಿ? ಮಲಗಿದ ಕಡೆ ಅರವತ್ತು ದಿನ ಅದೊಂದೇ ಯೋಚನೆ ಮಾಡಿದೀನಿ. ಚಪ್ಪರಿಸಿದ ಹೆಸರು ಅಂದ್ರೆ ತಿನ್ನಿಸಿ ಹೇಳಿಸಿದ ಹೆಸರು ಕಣ್ರೋ. ತಿನ್ನಿಸಿದವರ ಹತ್ತಿರ ಹೋಗಿಯೇ ನನ್ನ ಕಾಲು ಹೀಗಾಗಿದ್ದು. ಇನ್ನು ಜನ್ಮದಲ್ಲಿ ಹೋಗಲ್ಲ."

"ಹೌದಲ್ಲಾ," ಎಂದರು ಯಾರೋ. "ಭಲೇ ಹೆಣ್ಣು," ಎಂದರು ಇನ್ಯಾರೋ. ಎಡಗಡೆಯ ಜಗಲಿಯಲ್ಲಿ ಕಿವಿ ಬಲ್ಲವ ಡಬ್ಬಿಯ ಮುಚ್ಚಳ ಹಾಕಿ, ಮೆಚ್ಚಿಕೊಂಡವನ ಹಾಗೆ ತಲೆದೂಗಿದ.

ಹೇಳುವವ ಎರಡನೆಯ ಹೆಸರು ಹೇಳಿದ. ಈ ಸಲ ಚಪ್ಪರಿಸಲಿಲ್ಲ. ತಾನಾಗಿ, ತನ್ನ ಮನಸ್ಸಿನಿಂದ ಹೇಳಿದ ಹಾಗೆ ಹೇಳಿದ.

"ಮೊದಲನೇ ಬೀದಿಯ ಪಟ್ಟಿ ಸುತ್ತುವವ."

ನೀರು ಹೊರುವವಳ ಮುಖದಲ್ಲಿ ಏನೋ ಲೆಕ್ಕ ಹಾಕುತ್ತಿರುವಂತೆ ಕಂಡಿತು. ಆಮೇಲೆ ಅವಳು ಕೋಲು ಊರಿ, ಕೂತು ಕೂತು, ಇಳಿಯತೊಡಗಿದಳು. ಕೊನೆಯ ಮೆಟ್ಟಿಲಿನ ಹತ್ತಿರ ಮೂಳೆ ಕಟ್ಟುವವಳು ಅಡ್ಡ ನಿಂತಿದ್ದಳು.

"ಅದು ಅವನೇ ಕಣೆ. ಅದೇ ಮನುಷ್ಯ. ನಿನ್ನ ಕಾಲು ಹೀಗೆ ಮಾಡಿದವನು."

"ಅವತ್ತು ತಿನ್ನಿಸಿ ಬಂದಿದ್ದ ಅಕ್ಕಾ. ಇವತ್ತು ತಿನ್ನಿಸದೆ ಬಂದಿದಾನೆ. ಕೆಲಸ ಕಲಿತಿರ್ತಾನೆ." ಹೇಳುತ್ತ ಹೇಳುತ್ತ ಅವಳ ಕಣ್ಣು ಮೂಳೆ ಕಟ್ಟುವವಳ ಗಲ್ಲದ ಮೇಲೆ ನಿಂತಿತು. ಅಲ್ಲಿ ಕಂದು ಬಣ್ಣದ ಎಂಜಲು ಇಳಿಯುತ್ತಿತ್ತು. "ನಿನ್ನ ಬಾಯಲ್ಲಿ ಏನದು?"

ಮೂಳೆ ಕಟ್ಟುವವಳು ಮುಂಗೈಯಿಂದ ಗಲ್ಲ ಒರೆಸಿಕೊಂಡಳು.

"ನೀನು ತಿನ್ನಿಸೋಕೆ ಹೋಗಿದ್ದೆಯಾ?" ನೀರು ಹೊರುವವಳ ಮೂಗು ಮುದುಡಿತು. "ನೀನು? ಒಬ್ಬರನ್ನ ಮುಟ್ಟಿದರೆ ಮೂರು ಸಲ ಕೈ ತೊಳೆಯೋಳು? ಥೂ. ಇಷ್ಟು ದಿನ ನಿನ್ನ ಹೆಸರು ಬರಲಿಲ್ಲ ಅಂತ ನನಗೇ ಬೇಜಾರಾಗ್ತಿತ್ತು, ಗೊತ್ತಾ. ಬರದೇ ಇದ್ದದ್ದೇ ಚೆನ್ನಾಗಿತ್ತು."

ಮೂಳೆ ಕಟ್ಟುವವಳು ಬಾಯಲ್ಲಿದ್ದದ್ದನ್ನೆಲ್ಲ ಅಲ್ಲೇ ಉಗಿದಳು. ಊರೆಲ್ಲ ನೋಡುತ್ತಿತ್ತು. ಹುಟ್ಟಿದಾಗಿನಿಂದ ಅವಳು ಗುಂಪಿನ ಮುಂದೆ ಗಟ್ಟಿಯಾಗಿ ಮಾತಾಡಿದವಳಲ್ಲ. ಪಾಕ ಹರಿಯುತ್ತಿದ್ದ ಕಲ್ಲಿನ ಮೇಲೆ, ಇರುವೆಗಳ ಮೇಲೆ, ಮೊಣಕಾಲೂರಿ ಕೂತಳು. ತೆವಳುವವರು ಕೂರುವ ಹಾಗೇ ಕೂತಳು. ಎರಡು ಕೈಗಳನ್ನೂ ಚಾಚಿದಳು.

"ನಾಳೆ ಕಲ್ಲಾಗುತ್ತೆ ಕಣೆ. ಅವನನ್ನ ಕೇಳಬೇಡ. ನನ್ನ ಮಾತನ್ನೂ ನಂಬಬೇಡ. ಒಂದೇ ಒಂದು ಸಲ ಕಾಲನ್ನ ನನ್ನ ಕೈಗೆ ಕೊಡು. ಬಟ್ಟೆ ಬಿಚ್ಚಿದ ದಿನ ನಾನು ಹೆಬ್ಬೆರಳು ಇಟ್ಟಾಗ ಹೇಗಿತ್ತು ಅಂತ ನಿನ್ನ ಕಾಲಿಗೆ ನೆನಪಿರುತ್ತೆ. ಅದನ್ನ ಕೇಳು."

ನೀರು ಹೊರುವವಳು ನಿಂತಿದ್ದಳು. ಭಾರವೆಲ್ಲ ಕೋಲಿನ ಮೇಲಿತ್ತು. ಸೊಟ್ಟ ಪಾದ ನೆಲಕ್ಕೆ ಒಂದಿಂಚು ಮೇಲೆ, ಚಾಚಿದ ಕೈಗಳಿಂದ ಒಂದು ಮೊಳ ದೂರದಲ್ಲಿ ನಡುಗುತ್ತಿತ್ತು. ಮೊದಲನೇ ಬೀದಿ ಬಲಕ್ಕಿತ್ತು. ಮೇಲೆ ಹೇಳುವವ ಇನ್ನೂ ಹೇಳುತ್ತಿದ್ದ: ಮೂರನೆಯ ಹೆಸರು, ನಾಲ್ಕನೆಯ ಹೆಸರು, ಐದನೆಯ ಹೆಸರು.

"ಕೊಡೇ," ಎಂದಳು ಮೂಳೆ ಕಟ್ಟುವವಳು. "ನಿನ್ನ ಕಾಲು ಕೊಡು."